ಎಳೆಯಂತೆ ವೈರಸ್

ವೈರಸ್ ಎಂದರೆ ಪ್ರೋಟೀನಿನ ಕವಚದೊಳಗೆ ಅಡಗಿಕೊಂಡ ಒಂದಿಷ್ಟು ಆನುವಂಶಿಕ ವಸ್ತು. ಕೆಲವಕ್ಕೆ ಕವಚದ ಮೇಲೆ ಕೊಬ್ಬಿನ ಪೊರೆಯೂ ಇರುತ್ತದೆ. ಅದಕ್ಕೆ ಉಸಿರಾಟವಿಲ್ಲ, ಪಚನವಿಲ್ಲ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಕೂಡ ಇಲ್ಲ. ಜೀವಕೋಶವೊಂದರ ಒಳಹೊಕ್ಕು, ಅಲ್ಲಿನ ಕಚ್ಚಾವಸ್ತು ಮತ್ತು ಸಲಕರಣೆಗಳಿಂದಲೇ ತನ್ನಂಥ ನೂರಾರು, ಸಾವಿರಾರು ಕಣಗಳನ್ನು ಮಾಡಿಸಿಕೊಳ್ಳುವುದಷ್ಟೇ ಅದರ ಕೆಲಸ. ಆ ಕೆಲಸಕ್ಕೆ ಬೇಕಾದ ಆದೇಶಗಳೆಲ್ಲ ಕವಚದೊಳಗಿನ ಆನುವಂಶಿಕ ವಸ್ತುವಿನಲ್ಲಿ ಬರೆದಿರುತ್ತವೆ.

ಬ್ಯಾಕ್ಟೀರಿಯಾದಿಂದ ಆನೆಯವರೆಗೆ, ಹಾವಸೆಯಿಂದ ಹಲಸಿನ ಮರದವರೆಗೆ, ಜೀವಕೋಶವುಳ್ಳ ಎಲ್ಲಕ್ಕೂ ಆನುವಂಶಿಕ ವಸ್ತು ಒಂದೇ ಬಗೆಯದು: ಜೋಡಿ ಎಳೆಯ ಡಿಎನ್‌ಎ. ಆರ್‌ಎನ್‌ಎ ಇರುವುದು ಡಿಎನ್‌ಎಯಲ್ಲಿರುವ ಸಂದೇಶವನ್ನು ರೈಬೋಸೋಮಿಗೆ ಒಯ್ಯುವುದೂ ಸೇರಿದಂತೆ ಇತರ ಕೆಲಸಗಳಿಗೆ. ವೈರಸ್ಸುಗಳು ಈ ಕಟ್ಟುಪಾಡಿಗೆ ಸಿಕ್ಕಿಲ್ಲ. ಕೆಲವು ವೈರಸ್ಸುಗಳದು ಡಿಎನ್‌ಎ, ಕೆಲವದು ಆರ್‌ಎನ್‌ಎ. ಎಳೆ ಒಂಟಿಯಾಗಿರಬಹುದು, ಜೋಡಿಯಾಗಿರಬಹುದು. ನೇರವಾಗಿರಬಹುದು, ಉಂಗುರದಂತೆ ತುದಿ ಕೂಡಿರಬಹುದು. ಒಂದೇ ತುಂಡಾಗಿರಬಹುದು, ಹತ್ತಾರು ತುಂಡುಗಳಾಗಿರಬಹುದು. ವೈರಸ್ ಜೀವಕೋಶದ ಯಾವ ಭಾಗದಲ್ಲಿ ವೃದ್ಧಿಯಾಗುತ್ತದೆ, ಎಷ್ಟು ಬೇಗ ರೂಪ ಬದಲಿಸುತ್ತದೆ, ಔಷಧಿಗೆ ಬಗ್ಗುತ್ತದೆಯೋ ಇಲ್ಲವೋ ಎಂಬುದೆಲ್ಲ ಬಹುಮಟ್ಟಿಗೆ ಈ ಎಳೆಯ ಜಾತಿಯ ಮೇಲೆಯೇ ನಿಂತಿದೆ.

ತಂಬಾಕಿನ ಎಲೆ, ಬ್ಯಾಕ್ಟೀರಿಯಾದ ವೈರಸ್

ಮೊದಲು ಗುರುತಾದ ವೈರಸ್ ತಂಬಾಕಿನ ಎಲೆಯ ಮೇಲೆ ಬಣ್ಣಗೆಟ್ಟ ಮಚ್ಚೆಗಳನ್ನು ತರುವ ಮೊಸಾಯಿಕ್ ವೈರಸ್. 1892ರಲ್ಲಿ ರಷ್ಯಾದ ದ್ಮಿತ್ರಿ ಇವನೋವ್‌ಸ್ಕಿ, 1898ರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ ಇದನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕವನ್ನೂ ದಾಟಿ ಹೋಗುವ ಸೋಂಕು ಅದು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದನ್ನು ಹರಳುಗಟ್ಟಿಸಿ, ಅದು ಬರೀ ಪ್ರೋಟೀನ್ ಎಂದರು. ಮರುವರ್ಷವೇ ಇಂಗ್ಲೆಂಡಿನ ಫ್ರೆಡರಿಕ್ ಬಾಡನ್ ಮತ್ತು ನಾರ್ಮನ್ ಪಿರೀ ಆ ಹರಳಿನಲ್ಲಿ ರಂಜಕವನ್ನೂ ಆರ್‌ಎನ್‌ಎಯನ್ನೂ ಪತ್ತೆಮಾಡಿದರು. ಆರ್‌ಎನ್‌ಎ ಪ್ರಮಾಣ ನೂರಕ್ಕೆ ಐದಾರು ಪಾಲಷ್ಟೇ. ಆದ್ದರಿಂದ ಅದಕ್ಕೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ವಂಶವಾಹಿಯಾಗುವ ಯೋಗ್ಯತೆ ಪ್ರೋಟೀನಿಗೆ ಮಾತ್ರ ಇದೆಯೆಂಬ ನಂಬಿಕೆ ಬಲವಾಗಿದ್ದ ಕಾಲ ಅದು.

ಆ ನಂಬಿಕೆಯನ್ನು ಅಲುಗಾಡಿಸಿದ ಪ್ರಯೋಗಗಳಲ್ಲಿ ಒಂದು 1952ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ನಡೆಯಿತು. ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಆರಿಸಿಕೊಂಡದ್ದು ಬ್ಯಾಕ್ಟೀರಿಯಾಗಳಿಗೆ ಸೋಂಕು ತರುವ ಟಿ2 ಎಂಬ ವೈರಸ್. ಅದರಲ್ಲಿರುವುದು ಪ್ರೋಟೀನ್ ಮತ್ತು ಡಿಎನ್‌ಎ, ಎರಡೇ. ರಂಜಕವಿರುವುದು ಡಿಎನ್‌ಎಯಲ್ಲಿ, ಗಂಧಕವಿರುವುದು ಪ್ರೋಟೀನಿನಲ್ಲಿ. ಅವರು ಒಂದು ತಂಡದ ವೈರಸ್ಸುಗಳಲ್ಲಿ ವಿಕಿರಣಶೀಲ ರಂಜಕವನ್ನೂ ಇನ್ನೊಂದು ತಂಡದಲ್ಲಿ ವಿಕಿರಣಶೀಲ ಗಂಧಕವನ್ನೂ ಸೇರಿಸಿ ಗುರುತು ಮಾಡಿದರು. ಈ ವೈರಸ್ಸುಗಳನ್ನು ಬ್ಯಾಕ್ಟೀರಿಯಾಗಳ ಜೊತೆ ಬೆರೆಸಿ, ಅವು ಅಂಟಿಕೊಳ್ಳಲು ಕೆಲವು ನಿಮಿಷ ಬಿಟ್ಟು, ಅಡುಗೆಮನೆಯ ಬ್ಲೆಂಡರಿನಲ್ಲಿ ಹಾಕಿ ತಿರುಗಿಸಿದರು. ಬ್ಯಾಕ್ಟೀರಿಯಾದ ಮೈಗೆ ಅಂಟಿದ್ದ ವೈರಸ್ ಕವಚಗಳು ಕಳಚಿಬಿದ್ದವು. ಬಳಿಕ ಸೆಂಟ್ರಿಫ್ಯೂಜ್ ಮಾಡಿದಾಗ ಭಾರವಾದ ಬ್ಯಾಕ್ಟೀರಿಯಾಗಳು ತಳಕ್ಕೆ ಇಳಿದವು, ಹಗುರವಾದ ಕವಚಗಳು ಮೇಲಿನ ದ್ರವದಲ್ಲಿ ಉಳಿದವು. ಗಂಧಕದ ಬಹುಪಾಲು ಮೇಲಿನ ದ್ರವದಲ್ಲಿತ್ತು, ರಂಜಕದ ಬಹುಪಾಲು ತಳದಲ್ಲಿ. ವೈರಸ್ ಕವಚಗಳು ಕಳಚಿಹೋಗಿದ್ದರೂ ಆ ಬ್ಯಾಕ್ಟೀರಿಯಾಗಳಿಂದ ಹೊಸ ವೈರಸ್ಸುಗಳು ಹೊರಬಂದವು. ಮೂಲ ವೈರಸ್ಸಿನ ರಂಜಕದಲ್ಲಿ ಶೇ 30ಕ್ಕೂ ಹೆಚ್ಚು ಪಾಲು ಹೊಸ ಪೀಳಿಗೆಗೆ ಬಂದಿತ್ತು, ಗಂಧಕ ಶೇ 1ಕ್ಕಿಂತ ಕಡಿಮೆ. ಕೋಶದೊಳಗೆ ಹೋಗಿ ಸಂತಾನ ಮಾಡಿಸುವುದು ಡಿಎನ್‌ಎ ಎಂಬುದಕ್ಕೆ ಇದು ಗಟ್ಟಿ ಪುರಾವೆಯಾಯಿತು.

ಆರ್‌ಎನ್‌ಎಯ ಸರದಿ ನಾಲ್ಕು ವರ್ಷಗಳ ಬಳಿಕ ಬಂತು. 1956ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಆಲ್ಫ್ರೆಡ್ ಗೀರರ್ ಮತ್ತು ಗೆರ್ಹಾರ್ಡ್ ಶ್ರಾಮ್ ತಂಬಾಕು ವೈರಸ್ಸಿನ ಪ್ರೋಟೀನನ್ನು ತೆಗೆದುಹಾಕಿ, ಉಳಿದ ಆರ್‌ಎನ್‌ಎಯನ್ನು ಮಾತ್ರ ಎಲೆಗೆ ಹಚ್ಚಿದರು. ಎಲೆಗೆ ರೋಗ ಬಂತು. ಅದೇ ಹೊತ್ತಿಗೆ ಅಮೆರಿಕದ ಬರ್ಕ್ಲಿಯಲ್ಲಿ ಹೈಂಜ್ ಫ್ರಾಂಕೆಲ್-ಕಾನ್ರಾಟ್ ಒಂದು ತಳಿಯ ಆರ್‌ಎನ್‌ಎಗೆ ಇನ್ನೊಂದು ತಳಿಯ ಪ್ರೋಟೀನ್ ತೊಡಿಸಿ ಮಿಶ್ರ ವೈರಸ್ ಕಟ್ಟಿದರು. ಹುಟ್ಟಿದ ಮರಿಗಳ ಪ್ರೋಟೀನ್ ಕವಚ ಕೊಟ್ಟ ತಳಿಯದಾಗಿರಲಿಲ್ಲ, ಆರ್‌ಎನ್‌ಎ ಕೊಟ್ಟ ತಳಿಯದಾಗಿತ್ತು. ಡಿಎನ್‌ಎಯ ನೆರವಿಲ್ಲದೆ ಆರ್‌ಎನ್‌ಎ ಒಂದೇ ವಂಶವನ್ನು ಮುಂದುವರಿಸಬಲ್ಲದು ಎಂದು ಇದರಿಂದ ಸ್ಪಷ್ಟವಾಯಿತು.

ಏಳು ಗುಂಪು, ಒಂದೇ ಗುರಿ

ಬಗೆಬಗೆಯ ಈ ಎಳೆಗಳನ್ನು ಒಂದು ಕ್ರಮಕ್ಕೆ ತಂದವರು ಡೇವಿಡ್ ಬಾಲ್ಟಿಮೋರ್. ರೈಬೋಸೋಮ್ ಓದುವುದು ಸಂದೇಶವಾಹಕ ಆರ್‌ಎನ್‌ಎಯನ್ನು ಮಾತ್ರ. ಆದ್ದರಿಂದ ಯಾವ ವೈರಸ್ಸೇ ಆಗಲಿ, ಕೋಶದೊಳಗೆ ಹೊಕ್ಕ ಮೇಲೆ ಹೇಗಾದರೂ ಮಾಡಿ ಸಂದೇಶವಾಹಕ ಆರ್‌ಎನ್‌ಎಯನ್ನು ಒದಗಿಸಲೇಬೇಕು. ಅಲ್ಲಿಗೆ ತಲುಪುವ ದಾರಿಯನ್ನು ಹಿಡಿದು ವೈರಸ್ಸುಗಳನ್ನು ವಿಂಗಡಿಸಬಹುದೆಂದು ಬಾಲ್ಟಿಮೋರ್ 1971ರಲ್ಲಿ ತೋರಿಸಿದರು. ಆಗ ಗುಂಪುಗಳು ಆರಿದ್ದವು. ಏಳನೆಯದು ಆಮೇಲೆ ಸೇರಿತು.

ಮೊದಲ ಗುಂಪು ಜೋಡಿ ಎಳೆಯ ಡಿಎನ್‌ಎ ವೈರಸ್ಸುಗಳದು. ಇವುಗಳ ಆನುವಂಶಿಕ ವಸ್ತು ಕೋಶದ್ದನ್ನೇ ಹೋಲುವುದರಿಂದ ಹರ್ಪಿಸ್ ಜಾತಿಯ ವೈರಸ್ಸುಗಳು ನೇರ ಕೋಶಕೇಂದ್ರಕ್ಕೆ ಹೋಗಿ ಅಲ್ಲಿನ ಕಿಣ್ವಗಳಿಂದ ತಮ್ಮ ಸಂದೇಶವನ್ನು ಬರೆಸಿಕೊಳ್ಳುತ್ತವೆ. ಸಿಡುಬಿನ ವೈರಸ್ಸೂ, ದನಗಳ ಚರ್ಮಗಂಟು ರೋಗದ ವೈರಸ್ಸೂ ಇದೇ ಗುಂಪಿನವು. ಆದರೆ ಅವು ಕೋಶಕೇಂದ್ರಕ್ಕೆ ಹೋಗದೆ ಹೊರಗಿನ ಕೋಶರಸದಲ್ಲಿಯೇ ವೃದ್ಧಿಯಾಗುತ್ತವೆ. ಅಲ್ಲಿ ಆ ಕಿಣ್ವಗಳು ಸಿಗುವುದಿಲ್ಲವಾದ್ದರಿಂದ ಸಂದೇಶ ಬರೆಯುವ ಕಿಣ್ವವನ್ನು ತಮ್ಮ ಕಣದೊಳಗೇ ಹೊತ್ತು ತರುತ್ತವೆ.

ಎರಡನೆಯದು ಒಂಟಿ ಎಳೆಯ ಡಿಎನ್‌ಎ. ಟೊಮೆಟೊ ಬೆಳೆಗಾರರು ಬಲ್ಲ ಎಲೆ ಮುಟುರು ರೋಗ ತರುವ, ಬಿಳಿನೊಣದಿಂದ ಹರಡುವ ವೈರಸ್ ಈ ಗುಂಪಿನದು. ಅದರ ಒಂದು ಪ್ರಭೇದಕ್ಕೆ ಬೆಂಗಳೂರಿನ ಹೆಸರೇ ಇದೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸೂ ಇಲ್ಲಿಯೇ ಬರುತ್ತದೆ. ಇಷ್ಟು ಚಿಕ್ಕ ಡಿಎನ್‌ಎಯಲ್ಲಿ ಸ್ವಂತ ನಕಲು ಕಿಣ್ವಕ್ಕೆ ಜಾಗವಿಲ್ಲ. ಕೋಶವು ವಿಭಜನೆಗೆ ಸಿದ್ಧವಾಗಿ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ಮಾತ್ರ ಪಾರ್ವೊ ವೈರಸ್ ತನ್ನದನ್ನೂ ಮಾಡಿಸಿಕೊಳ್ಳಬೇಕು. ಸದಾ ವಿಭಜನೆಯಾಗುತ್ತಿರುವ ಕರುಳಿನ ಒಳಪದರದ ಕೋಶಗಳಿಗೆ ಅದು ಮುತ್ತುವುದು, ಮರಿಗಳಿಗೆ ರಕ್ತಭೇದಿಯಾಗುವುದು ಇದೇ ಕಾರಣಕ್ಕೆ.

ಮೂರನೆಯದು ಜೋಡಿ ಎಳೆಯ ಆರ್‌ಎನ್‌ಎ. ಮಕ್ಕಳ ಅತಿಸಾರಕ್ಕೆ ಕಾರಣವಾಗುವ ರೋಟಾವೈರಸ್ ಮತ್ತು ಕುರಿಗಳ ನೀಲಿ ನಾಲಿಗೆ ರೋಗದ ವೈರಸ್ ಇದಕ್ಕೆ ಉದಾಹರಣೆ. ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಪ್ರಾಣಿಕೋಶ ಅದನ್ನು ಹೊರಗಿನದೆಂದು ಗುರುತಿಸಿ ಇಂಟರ್‌ಫೆರಾನ್ ಬಿಡುಗಡೆ ಮಾಡುತ್ತದೆ. ಹಾಗಾಗಿ ಈ ವೈರಸ್ಸುಗಳು ಕೋಶದೊಳಗೆ ಬಂದ ಮೇಲೂ ಒಳಕವಚವನ್ನು ಬಿಚ್ಚುವುದಿಲ್ಲ. ಸಂದೇಶವನ್ನು ಕವಚದೊಳಗೇ ಬರೆದು ಹೊರಕ್ಕೆ ತಳ್ಳುತ್ತವೆ.

ನಾಲ್ಕನೆಯ ಗುಂಪು ಧನ ಎಳೆಯ ಆರ್‌ಎನ್‌ಎ. ಇಲ್ಲಿ ವೈರಸ್ಸಿನ ಎಳೆಯೇ ಸಂದೇಶವಾಹಕ. ಪೋಲಿಯೊ, ಡೆಂಗಿ, ಕೊರೊನಾ, ದನಗಳ ಕಾಲುಬಾಯಿ ಜ್ವರ, ಏಲಕ್ಕಿಯ ಕಟ್ಟೆ ರೋಗ ಎಲ್ಲವೂ ಈ ಗುಂಪಿನವು. ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಕೂಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಹಳ್ಳಿಗಳ ಜನರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದನ್ನು ಪತ್ತೆಮಾಡಿದರು. ಉಣುಗು ಕಚ್ಚಿದಾಗ ಮೈಗೆ ಸೇರುವ ಈ ವೈರಸ್ಸಿನ ಆರ್‌ಎನ್‌ಎ ಸುಮಾರು 10,800 ಅಕ್ಷರಗಳಷ್ಟು, ಅಂದರೆ ನ್ಯೂಕ್ಲಿಯೊಟೈಡುಗಳಷ್ಟು, ಉದ್ದ. ಕೋಶದ ರೈಬೋಸೋಮ್ ಅದನ್ನು ತನ್ನದೇ ಸಂದೇಶವೆಂಬಂತೆ ಈ ತುದಿಯಿಂದ ಆ ತುದಿಗೆ ಓದಿ, 3,400ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಒಂದೇ ಒಂದು ಉದ್ದನೆಯ ಪ್ರೋಟೀನ್ ಕಟ್ಟುತ್ತದೆ. ವೈರಸ್ಸಿನ ಮತ್ತು ಕೋಶದ ಕಿಣ್ವಗಳು ಅದನ್ನು ಕತ್ತರಿಸಿ ಹತ್ತು ಪ್ರೋಟೀನುಗಳನ್ನಾಗಿ ಮಾಡುತ್ತವೆ. ಮೂರು ಹೊಸ ಕಣದ ಮೈಕಟ್ಟಿಗೆ, ಉಳಿದ ಏಳು ಕೋಶದೊಳಗಿನ ಕೆಲಸಕ್ಕೆ. ಆ ಏಳರಲ್ಲಿ ಒಂದಾದ ಪಾಲಿಮರೇಸ್ ಎಂಬ ನಕಲು ಕಿಣ್ವ ಧನ ಎಳೆಯನ್ನು ನೋಡಿ ಋಣ ಎಳೆಯನ್ನೂ, ಋಣ ಎಳೆಯನ್ನು ನೋಡಿ ಹೊಸ ಧನ ಎಳೆಗಳನ್ನೂ ಬರೆಯುತ್ತದೆ. ಕೋಶಕೇಂದ್ರದ ಡಿಎನ್‌ಎಯ ನೆರವು ಇದರಲ್ಲಿ ಎಲ್ಲಿಯೂ ಬೇಕಾಗುವುದಿಲ್ಲ.

ಐದನೆಯದು ಋಣ ಎಳೆಯ ಆರ್‌ಎನ್‌ಎ. ರಬ್ಬರ್ ಮೊಹರಿನ ಮೇಲೆ ಅಕ್ಷರಗಳು ತಿರುವುಮುರುವಾಗಿರುವಂತೆ ಇದರಲ್ಲಿನ ಸಂದೇಶ ಉಲ್ಟಾ. ಅಚ್ಚೊತ್ತಿದ ಮೇಲಷ್ಟೇ ಓದಲು ಬರುತ್ತದೆ. ಆರ್‌ಎನ್‌ಎಯಿಂದ ಇಂಥ ಆರ್‌ಎನ್‌ಎ ಬರೆಯುವ ಕಿಣ್ವ ಕೋಶದಲ್ಲಿ ಸಿಗದ ಕಾರಣ ವೈರಸ್ ತನ್ನ ಪಾಲಿಮರೇಸನ್ನು ಕಣದೊಳಗೆ ಕಟ್ಟಿಕೊಂಡೇ ಬರಬೇಕು. ರೇಬೀಸ್, ದಡಾರ, ಇನ್‌ಫ್ಲುಯೆಂಜಾ ಮತ್ತು 2011ರಲ್ಲಿ ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಿತವಾದ ದನಗಳ ದೊಡ್ಡರೋಗ ಈ ಗುಂಪಿನವು. ಪೋಲಿಯೊ ವೈರಸ್ಸಿನ ಬರೀ ಆರ್‌ಎನ್‌ಎಯನ್ನು ಕೋಶದೊಳಗೆ ಹಾಕಿದರೆ ಹೊಸ ವೈರಸ್ಸುಗಳು ಹುಟ್ಟುತ್ತವೆ. ರೇಬೀಸಿನ ಬರೀ ಆರ್‌ಎನ್‌ಎಯಿಂದ ಏನೂ ಆಗುವುದಿಲ್ಲ.

ಉಳಿದ ಎರಡು ಗುಂಪುಗಳು ಹಿಮ್ಮುಖವಾಗಿ ನಡೆಯುತ್ತವೆ. ಆರನೆಯ ಗುಂಪಿನ ಎಚ್‌ಐವಿ ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಬರೆದುಕೊಳ್ಳುತ್ತದೆ. ಏಳನೆಯ ಗುಂಪಿನ ಹೆಪಟೈಟಿಸ್ ಬಿ ಡಿಎನ್‌ಎಯಿಂದ ಆರ್‌ಎನ್‌ಎ ಬರೆಸಿ, ಆ ಆರ್‌ಎನ್‌ಎಯಿಂದ ಮತ್ತೆ ಡಿಎನ್‌ಎ ಮಾಡಿಕೊಳ್ಳುತ್ತದೆ. ಈ ಕೆಲಸದ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಅದನ್ನು ಬೇರೆಬೇರೆಯಾಗಿ ಕಂಡುಹಿಡಿದರು. 1975ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಸಣ್ಣ ಜಾಗದಲ್ಲಿ ದೊಡ್ಡ ಸಂಸಾರ

ಮನುಷ್ಯನ ಜೀನೋಮ್, ಅಂದರೆ ಇಡೀ ಆನುವಂಶಿಕ ಸಂದೇಶ, ಸುಮಾರು 300 ಕೋಟಿ ಅಕ್ಷರಗಳದು. ಹಂದಿಗಳ ಸರ್ಕೋವೈರಸ್ಸಿಗೆ 1,800ಕ್ಕೂ ಕಡಿಮೆ ಅಕ್ಷರಗಳಲ್ಲಿ ಕೆಲಸ ಮುಗಿಯುತ್ತದೆ. ಹೆಪಟೈಟಿಸ್ ಬಿಗೆ 3,200, ಎಚ್‌ಐವಿಗೆ ಹತ್ತಿರ ಹತ್ತಿರ 10,000, ಕೋವಿಡ್ ತಂದ ಕೊರೊನಾ ವೈರಸ್ಸಿಗೆ 30,000, ಸಿಡುಬಿಗೆ 1,86,000. 2013ರಲ್ಲಿ ವರದಿಯಾದ ಪಂಡೋರಾವೈರಸ್ಸಿನದು ಸುಮಾರು 25 ಲಕ್ಷ. ಅದಕ್ಕಿಂತ ಚಿಕ್ಕ ಜೀನೋಮಿನ ಬ್ಯಾಕ್ಟೀರಿಯಾಗಳು ಎಷ್ಟೋ ಇವೆ. ಇನ್ನೊಂದು ತುದಿಯಲ್ಲಿರುವುದು ವೈರಾಯ್ಡ್. 1971ರಲ್ಲಿ ಥಿಯೊಡೋರ್ ಡೀನರ್ ಆಲೂಗಡ್ಡೆ ಗಿಡದಲ್ಲಿ ಗುರುತಿಸಿದ ಮೊದಲ ವೈರಾಯ್ಡ್ 359 ಅಕ್ಷರಗಳ ಬರೀ ಆರ್‌ಎನ್‌ಎ ಉಂಗುರ. ಅದಕ್ಕೆ ಕವಚವೂ ಇಲ್ಲ, ಅದು ಯಾವ ಪ್ರೋಟೀನನ್ನೂ ಮಾಡಿಸುವುದಿಲ್ಲ. ಆದರೂ ಗಿಡಕ್ಕೆ ರೋಗ ತರುತ್ತದೆ.

ಅಕ್ಷರಗಳು ಕಡಿಮೆಯಿದ್ದಾಗ ಒಂದೇ ಸಾಲನ್ನು ಎರಡು ಬಗೆಯಲ್ಲಿ ಓದಿಸುವ ಉಪಾಯವನ್ನು ವೈರಸ್ಸುಗಳು ಬಳಸುತ್ತವೆ. ಆನುವಂಶಿಕ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದಲಾಗುತ್ತದೆ. ಒಂದಕ್ಷರ ಮುಂದೆ ಸರಿದು ಓದತೊಡಗಿದರೆ ಅದೇ ಸಾಲಿನಿಂದ ಬೇರೆಯೇ ಪ್ರೋಟೀನ್ ಬರುತ್ತದೆ. ಫ್ರೆಡರಿಕ್ ಸ್ಯಾಂಗರ್ ತಂಡ 1977ರಲ್ಲಿ ಪೂರ್ತಿ ಓದಿ ಮುಗಿಸಿದ ಫೈ-ಎಕ್ಸ್174 ಎಂಬ ವೈರಸ್ಸಿನ 5,386 ಅಕ್ಷರಗಳ ಡಿಎನ್‌ಎಯಲ್ಲಿ ಇಂಥ ಒಂದರ ಮೇಲೊಂದು ಬಿದ್ದ ವಂಶವಾಹಿಗಳು ಸ್ಪಷ್ಟವಾಗಿ ಕಂಡವು. ಹೆಪಟೈಟಿಸ್ ಬಿಯಲ್ಲಂತೂ ಜೀನೋಮಿನ ಅರ್ಧದಷ್ಟು ಭಾಗ ಹೀಗೆ ದುಪ್ಪಟ್ಟು ದುಡಿಯುತ್ತದೆ.

ಎಳೆಯನ್ನು ಕವಚದೊಳಗೆ ತುಂಬುವುದೂ ಸಣ್ಣ ಕೆಲಸವಲ್ಲ. ತಂಬಾಕು ವೈರಸ್ಸಿನಲ್ಲಿ 2,130 ಪ್ರೋಟೀನ್ ತುಣುಕುಗಳು ಸುರುಳಿಯಾಗಿ ಜೋಡಿಸಿಕೊಂಡಿರುತ್ತವೆ. ಒಂದೊಂದು ತುಣುಕೂ ಆರ್‌ಎನ್‌ಎಯ ಮೂರು ಅಕ್ಷರಗಳನ್ನು ಹಿಡಿದಿರುತ್ತದೆ. ಹೀಗಾಗಿ 6,400ರ ಆಸುಪಾಸಿನ ಆ ಎಳೆಯ ಉದ್ದವೇ ಕಣದ ಉದ್ದವನ್ನೂ ನಿರ್ಧರಿಸುತ್ತದೆ. ಬ್ಯಾಕ್ಟೀರಿಯಾಗಳ ಲ್ಯಾಂಬ್ಡಾ ವೈರಸ್ಸಿನ ವಿಧಾನವೇ ಬೇರೆ. ಅದು ಖಾಲಿ ತಲೆಯನ್ನು ಮೊದಲು ಕಟ್ಟಿ, ಆಮೇಲೆ ಡಿಎನ್‌ಎಯನ್ನು ಒಳಕ್ಕೆ ತುರುಕುತ್ತದೆ. ಆ ತಲೆಯ ಅಡ್ಡಳತೆ 60 ನ್ಯಾನೊಮೀಟರ್, ಡಿಎನ್‌ಎಯ ಉದ್ದ ಅದರ 270 ಪಟ್ಟಿಗೂ ಹೆಚ್ಚು. ಇದಕ್ಕಾಗಿ ತಲೆಯ ಬಾಯಲ್ಲಿ ಪ್ರೋಟೀನಿನ ಮೋಟಾರೊಂದು ಕೂತಿರುತ್ತದೆ. ಫೈ29 ಎಂಬ ವೈರಸ್ಸಿನಲ್ಲಿ ಇಂಥದೇ ಮೋಟಾರಿನ ಬಲವನ್ನು 2001ರಲ್ಲಿ ಅಳೆದಾಗ, ತುಂಬಿದ ತಲೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 60 ಪಟ್ಟು ಎಂಬ ಅಂದಾಜು ಸಿಕ್ಕಿತು.

ತುಂಡಾದ ಜೀನೋಮ್

ಇನ್‌ಫ್ಲುಯೆಂಜಾ ವೈರಸ್ಸಿನ ಆರ್‌ಎನ್‌ಎ ಎಂಟು ತುಂಡುಗಳಲ್ಲಿದೆ, ನೀಲಿ ನಾಲಿಗೆಯದು ಹತ್ತು, ರೋಟಾವೈರಸ್ಸಿನದು ಹನ್ನೊಂದು. ಒಂದೇ ಕೋಶಕ್ಕೆ ಎರಡು ಬಗೆಯ ಇನ್‌ಫ್ಲುಯೆಂಜಾ ಒಟ್ಟಿಗೆ ಹೊಕ್ಕರೆ ಹದಿನಾರು ತುಂಡುಗಳ ನಕಲುಗಳು ಅಲ್ಲಿ ಬೆರೆಯುತ್ತವೆ. ಹೊಸ ಕಣಗಳಿಗೆ ಇದರಿಂದ ಕೆಲವು, ಅದರಿಂದ ಕೆಲವು ತುಂಡುಗಳು ಸೇರಿಬಿಡಬಹುದು. 1957ರ ಜಾಗತಿಕ ಫ್ಲೂ ವೈರಸ್ಸಿಗೆ ಮೂರು ತುಂಡುಗಳು, 1968ರದಕ್ಕೆ ಎರಡು ತುಂಡುಗಳು ಹಕ್ಕಿಗಳ ವೈರಸ್ಸಿನಿಂದ ಬಂದವು. 2009ರ ಎಚ್1ಎನ್1ನಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂವರ ಫ್ಲೂ ವೈರಸ್ಸುಗಳ ಮೂಲದ ತುಂಡುಗಳೂ ಇದ್ದವು. ಹಳೆಯ ಫ್ಲೂಗೆ ಮೈಯಲ್ಲಿ ಬೆಳೆದ ಪ್ರತಿರೋಧ ಇಂಥ ಹೊಸ ಜೋಡಣೆಯ ಮುಂದೆ ಹೆಚ್ಚು ನಡೆಯುವುದಿಲ್ಲ.

ಬಾಳೆಯ ಬಂಚಿ ಟಾಪ್ ರೋಗದ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಒಂಟಿ ಎಳೆಯ ಡಿಎನ್‌ಎ ಸಾವಿರ ಚಿಲ್ಲರೆ ಅಕ್ಷರಗಳ ಆರು ಉಂಗುರಗಳಾಗಿ ಹಂಚಿಹೋಗಿದೆ. ಒಂದೊಂದು ಉಂಗುರಕ್ಕೂ ಬೇರೆ ಬೇರೆ ಕವಚವಿದೆ. ಗಿಡಹೇನು ಇವನ್ನೆಲ್ಲ ಒಟ್ಟಿಗೆ ಗಿಡಕ್ಕೆ ಸೇರಿಸುವುದರಿಂದ ಸೋಂಕು ಮುಂದುವರಿಯುತ್ತದೆ.

ನಕಲಿನ ತಪ್ಪುಗಳು

ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ತಪ್ಪುಗಳನ್ನು ಕೂಡಲೇ ತಿದ್ದುತ್ತದೆ. ಕೊನೆಗೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದರ ಆಸುಪಾಸು. ಆರ್‌ಎನ್‌ಎ ವೈರಸ್ಸುಗಳ ಪಾಲಿಮರೇಸಿಗೆ ಸಾಮಾನ್ಯವಾಗಿ ಈ ತಿದ್ದುವ ಶಕ್ತಿಯಿಲ್ಲ. ಹತ್ತು ಸಾವಿರದಿಂದ ಹತ್ತು ಲಕ್ಷ ಅಕ್ಷರಗಳಿಗೆ ಒಂದರಂತೆ ಅದು ತಪ್ಪುತ್ತದೆ. ಹತ್ತು ಸಾವಿರ ಅಕ್ಷರಗಳ ಜೀನೋಮಿನಲ್ಲಿ ತಪ್ಪಿನ ಪ್ರಮಾಣ ಮೇಲ್ಮಟ್ಟದ್ದಾದರೆ ಪ್ರತಿ ನಕಲಿನಲ್ಲೂ ಒಂದು ಬದಲಾವಣೆ ಎಂದಾಯಿತು. ಬಹಳಷ್ಟು ತಪ್ಪುಗಳು ವೈರಸ್ಸಿಗೇ ಮಾರಕ. ಎಲ್ಲೋ ಒಂದು ಔಷಧಿಯಿಂದಲೋ ಪ್ರತಿಕಾಯದಿಂದಲೋ ಪಾರಾಗಲು ನೆರವಾದರೆ ಅದೇ ರೂಪಾಂತರಿಯಾಗಿ ಹಬ್ಬುತ್ತದೆ.

ತಪ್ಪು ಹೆಚ್ಚಿದಷ್ಟೂ ಜೀನೋಮ್ ಚಿಕ್ಕದಾಗಿರಬೇಕು, ಇಲ್ಲವಾದರೆ ಪ್ರತಿ ನಕಲೂ ಕೆಟ್ಟುಹೋಗುತ್ತದೆ. ಆರ್‌ಎನ್‌ಎ ವೈರಸ್ಸುಗಳಲ್ಲಿ ಕೊರೊನಾ ವರ್ಗ 30,000 ಅಕ್ಷರಗಳಷ್ಟು ದೊಡ್ಡ ಜೀನೋಮ್ ಇಟ್ಟುಕೊಳ್ಳಲು ಸಾಧ್ಯವಾದದ್ದು, ತಪ್ಪಾದ ಅಕ್ಷರವನ್ನು ಕಿತ್ತುಹಾಕುವ ಕಿಣ್ವವೊಂದು ಅದಕ್ಕೆ ಇರುವುದರಿಂದ. ಮೋಲ್ನುಪಿರಾವಿರ್ ಎಂಬ ಔಷಧಿ ಈ ಕಾವಲನ್ನೂ ದಾಟಿ, ಕೊರೊನಾ ಆರ್‌ಎನ್‌ಎಯಲ್ಲಿ ತಪ್ಪುಗಳು ಮಿತಿಮೀರುವಂತೆ ಮಾಡಿ ಅದನ್ನು ಕೆಡಿಸುತ್ತದೆ.

ನಕಲಿನಲ್ಲಿ ತಪ್ಪು ಹೆಚ್ಚು ಎಂದ ಮಾತ್ರಕ್ಕೆ ಎಲ್ಲ ಆರ್‌ಎನ್‌ಎ ವೈರಸ್ಸುಗಳೂ ಲಸಿಕೆಯಿಂದ ತಪ್ಪಿಸಿಕೊಳ್ಳುತ್ತವೆ ಎಂದಲ್ಲ. ದಡಾರದ ವೈರಸ್ಸೂ ತಪ್ಪು ಮಾಡುತ್ತದೆ. ಆದರೆ ಅದರ ಹೊರಮೈ ಪ್ರೋಟೀನುಗಳು ಬದಲಾವಣೆಯನ್ನು ಹೆಚ್ಚು ತಾಳಲಾರವು. 1960ರ ದಶಕದಲ್ಲಿ ಬಂದ ಲಸಿಕೆ ಈಗಲೂ ಕೆಲಸ ಮಾಡುತ್ತಿರುವುದು ಅದರಿಂದಲೇ.

ಮನುಷ್ಯನ ಡಿಎನ್‌ಎಯಲ್ಲಿ ವೈರಸ್

ಎಚ್‌ಐವಿಯಂಥ ರೆಟ್ರೊವೈರಸ್ಸುಗಳು ತಾವು ಬರೆದ ಡಿಎನ್‌ಎಯನ್ನು ಆತಿಥೇಯ ಕೋಶದ ಡಿಎನ್‌ಎಗೇ ಹೊಲಿದುಬಿಡುತ್ತವೆ. ಇಂಥ ಹೊಲಿಗೆ ವೀರ್ಯಾಣು ಅಥವಾ ಅಂಡಾಣುವಿಗೆ ಕಾರಣವಾಗುವ ಕೋಶದಲ್ಲಿ ಬಿದ್ದರೆ ಅದು ಮಕ್ಕಳಿಗೂ ಬರುತ್ತದೆ. ಕೋಟ್ಯಂತರ ವರ್ಷಗಳಲ್ಲಿ ಹೀಗೆ ಸೇರಿದ ಹಳೆಯ ರೆಟ್ರೊವೈರಸ್ಸುಗಳ ಅವಶೇಷ ಮನುಷ್ಯನ ಜೀನೋಮಿನಲ್ಲಿ ಸುಮಾರು ಶೇ 8ರಷ್ಟಿದೆ. ಬಹುಪಾಲು ಕೆಟ್ಟು ನಿಷ್ಕ್ರಿಯವಾಗಿವೆ. ಕೆಲವು ಮಾತ್ರ ಪಳಗಿವೆ. ಗರ್ಭದ ಮಾಸು ರೂಪುಗೊಳ್ಳುವಾಗ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಸಿನ್ಸಿಟಿನ್ ಪ್ರೋಟೀನ್, ಒಂದು ಕಾಲದಲ್ಲಿ ವೈರಸ್ಸಿನ ಹೊರಪೊರೆಯದಾಗಿತ್ತು.

ಪತ್ತೆ ಮತ್ತು ಚಿಕಿತ್ಸೆ

ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿನ ‘ಆರ್‌ಟಿ’ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ ಕೆಲಸವನ್ನೇ ಸೂಚಿಸುತ್ತದೆ. ಪಿಸಿಆರ್ ವಿಧಾನದಿಂದ ಹೆಚ್ಚಿಸಬಹುದಾದದ್ದು ಡಿಎನ್‌ಎ ಮಾತ್ರ. ಕೊರೊನಾದ್ದು ಆರ್‌ಎನ್‌ಎ. ಆದ್ದರಿಂದ ಮೂಗಿನ ದ್ರವದಲ್ಲಿರುವ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ತಿರುಗಿಸಿ, ಆಮೇಲೆ ಸುತ್ತಿಗೊಮ್ಮೆ ಇಮ್ಮಡಿ ಮಾಡುತ್ತಾ ಹೋಗಲಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಮೂವತ್ತು ಸುತ್ತಿನಲ್ಲಿ ಒಂದು ಪ್ರತಿ ನೂರು ಕೋಟಿಗೂ ಹೆಚ್ಚಾಗುತ್ತದೆ. ಸಿಡುಬು, ಹೆಪಟೈಟಿಸ್ ಬಿಯಂಥ ಡಿಎನ್‌ಎ ವೈರಸ್ಸುಗಳಿಗೆ ಮೊದಲ ಹಂತ ಬೇಕಿಲ್ಲ.

ವೈರಸ್ ವಿರೋಧಿ ಔಷಧಿಗಳಲ್ಲಿ ಹಲವು ನಕಲಿ ಅಕ್ಷರಗಳು. ವೈರಸ್ಸಿನ ಕಿಣ್ವ ಇವನ್ನು ನಿಜವೆಂದು ನಂಬಿ ಎಳೆಗೆ ಸೇರಿಸಿದರೆ ಎಳೆ ಮುಂದೆ ಬೆಳೆಯುವುದಿಲ್ಲ. ಹರ್ಪಿಸ್‌ಗೆ ಕೊಡುವ ಅಸೈಕ್ಲೊವಿರ್, 1987ರಲ್ಲಿ ಎಚ್‌ಐವಿ ವಿರುದ್ಧ ಅನುಮತಿ ಪಡೆದ ಎಝಡ್‌ಟಿ, ಹೆಪಟೈಟಿಸ್ ಸಿಗೆ 2013ರಲ್ಲಿ ಬಂದ ಸೋಫೋಸ್‌ಬುವಿರ್ ಎಲ್ಲವೂ ಈ ತತ್ವದವು. ತತ್ವ ಒಂದೇ ಆದರೂ ಫಲ ಒಂದೇ ಅಲ್ಲ. ಹೆಪಟೈಟಿಸ್ ಸಿ ಧನ ಎಳೆಯ ಆರ್‌ಎನ್‌ಎ ವೈರಸ್, ಅದು ಯಾವ ಹಂತದಲ್ಲೂ ಡಿಎನ್‌ಎ ಆಗುವುದಿಲ್ಲ. ನಕಲು ನಿಂತರೆ ಇರುವ ಆರ್‌ಎನ್‌ಎಯೂ ಕ್ರಮೇಣ ನಾಶವಾಗುತ್ತದೆ. ಆದ್ದರಿಂದ ಸೋಫೋಸ್‌ಬುವಿರ್ ಜೊತೆ ಇನ್ನೊಂದು ಔಷಧಿ ಸೇರಿಸಿ ಸಾಮಾನ್ಯವಾಗಿ 8ರಿಂದ 12 ವಾರ ಕೊಟ್ಟರೆ ನೂರಕ್ಕೆ 95ಕ್ಕೂ ಹೆಚ್ಚು ರೋಗಿಗಳಲ್ಲಿ ಸೋಂಕು ಪೂರ್ತಿ ಹೋಗುತ್ತದೆ.

ಹೆಪಟೈಟಿಸ್ ಬಿ ಯಕೃತ್ತಿನ ಕೋಶಕೇಂದ್ರದಲ್ಲಿ ಡಿಎನ್‌ಎ ಉಂಗುರವಾಗಿ ಉಳಿದುಕೊಳ್ಳುತ್ತದೆ. ಎಚ್‌ಐವಿ ಕೋಶದ ಡಿಎನ್‌ಎಯೊಳಗೇ ಸೇರಿಹೋಗಿರುತ್ತದೆ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ಹರ್ಪಿಸ್ ವರ್ಗದ ವೈರಸ್ಸಿನ ಡಿಎನ್‌ಎ ನರಗ್ರಂಥಿಗಳಲ್ಲಿ ದಶಕಗಳ ಕಾಲ ಸುಮ್ಮನಿದ್ದು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಎದ್ದು ಬರಬಹುದು. ನಕಲನ್ನು ತಡೆಯುವ ಔಷಧಿಗಳು ಈ ಸುಪ್ತ ಡಿಎನ್‌ಎಯನ್ನು ಮುಟ್ಟಲಾರವು. ಹೆಪಟೈಟಿಸ್ ಬಿ ಇರುವ ಹಲವರು ವರ್ಷಾನುಗಟ್ಟಲೆ, ಎಚ್‌ಐವಿ ಇರುವವರು ಜೀವನಪೂರ್ತಿ ಮಾತ್ರೆ ನುಂಗಬೇಕಾಗಿರುವುದು ಇದರಿಂದಲೇ. ಅಡಗಿ ಕೂತ ಆ ಡಿಎನ್‌ಎಯನ್ನೇ ಕತ್ತರಿಸುವ ಅಥವಾ ಶಾಶ್ವತವಾಗಿ ಬಾಯಿ ಮುಚ್ಚಿಸುವ ದಾರಿಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ಹೆಪಟೈಟಿಸ್ ಬಿಗೆ ಹುಟ್ಟಿದ ಕೂಡಲೇ ಮಗುವಿಗೆ ಹಾಕಿಸುವ ಲಸಿಕೆಯೇ ಎಲ್ಲಕ್ಕಿಂತ ದೊಡ್ಡ ರಕ್ಷೆ.